ಹದಿನೆಂಟು ಗಡಿಯಾರದ ಗೋಡೆ

ಅತ್ತೆ ಅಳಿಯ ಸೇರಿ ಗೋಡೆಯಲ್ಲಿ ಕೊರೆದ ಕಾಲುವೆ ಎಷ್ಟು ನೇರವಾಗಿತ್ತೆಂದರೆ, ಪೈಪು ಕೂರಿಸುವವರೆಗೂ ಕಾಯುವ ತಾಳ್ಮೆ ನೀರಿಗೇ ಇರಲಿಲ್ಲ. ನಲ್ಲಿ ತಿರುಗಿಸಿದ್ದೇ ತಡ, ಬರಿಯ ಗೋಡೆಯ ಸೀಳಿನೊಳಗೆ ನೀರು ಸರಸರನೆ ಹತ್ತಿ, ಒಂದು ತೊಟ್ಟೂ ಆಚೀಚೆ ಚೆಲ್ಲದೆ, ಮಹಡಿಯ ಮೇಲಿನ ತೊಟ್ಟಿಗೆ ಹೋಗಿ ಬಿತ್ತು. ಅದನ್ನು ನೋಡಲು ಜನ ಮುಗಿಬಿದ್ದು, ರಸ್ತೆಯಲ್ಲಿ ಬಸ್ಸು ನಿಂತಿತು.

ಹೀಗೆಂದು ಅಳಿಯ ಹೇಳಿದ್ದು ಸಂಜೆ ಆರು ಗಂಟೆಗೆ, ಅಡುಗೆಮನೆಯ ಬಾಗಿಲಲ್ಲಿ ಕೂತು, ಧೂಳು ಮೆತ್ತಿದ ಬೂಟಿನ ದಾರ ಬಿಚ್ಚುತ್ತ. ಕೇಳುತ್ತಿದ್ದವಳು ಅವನ ಹೆಂಡತಿ. ಅವಳು ನೆಲದ ಮೇಲೆ ಕೆಲಸದ ಬಟ್ಟೆಗಳ ರಾಶಿ ಹಾಕಿಕೊಂಡು, ಒಗೆಯುವ ಮುಂಚೆ ಒಂದೊಂದೇ ಜೇಬು ತಡಕಿ ಮೊಳೆ, ತಿರುಪು, ಇಟ್ಟಿಗೆಯ ಚೂರು ಹೊರಗೆ ತೆಗೆಯುತ್ತಿದ್ದಳು.

"ಬರೀ ಬಸ್ಸಾ? ರೈಲು ನಿಲ್ಲಲಿಲ್ವಾ?"

"ರೈಲು ಆ ಕಡೆ ಹೋಗೋದೇ ಇಲ್ಲ ಕಣೇ."

"ಹೌದಲ್ಲ, ಅದನ್ನ ನೀವೇ ಬಿಡ್ತಿದ್ದೀರಿ. ಹೂಂ, ಮೊದಲಿಂದ ಹೇಳಿ. ಅಮ್ಮನ ಕೈ ಏನಾಯ್ತು, ಅದನ್ನ ಮೊದಲು ಹೇಳಿ."

ಅಮ್ಮನ ಕೈಯದೇ ಆ ಮನೆಯ ಚಿಂತೆಯಾಗಿತ್ತು. ಅತ್ತೆ ಮೂವತ್ತೊಂದು ವರ್ಷದಿಂದ ಪೈಪಿನ ಕೆಲಸ ಮಾಡಿದವರು. ಪೈಪು ಜೋಡಿಸುವುದನ್ನು ಯಾರೂ ಕಲಿಯಬಹುದು. ಅದು ಮಲಗಲು ಗೋಡೆಯಲ್ಲಿ ಕಾಲುವೆ ಕೊರೆಯುವುದಿದೆಯಲ್ಲ, ಅಲ್ಲಿ ಕೈಯ ಯೋಗ್ಯತೆ ಬಯಲಾಗುತ್ತದೆ. ಆಳ ಕಡಿಮೆಯಾದರೆ ಪೈಪು ಹೊಟ್ಟೆ ಉಬ್ಬಿಸಿಕೊಂಡು ಹೊರಗೆ ಇಣುಕುತ್ತದೆ, ಹೆಚ್ಚಾದರೆ ಗೋಡೆಯ ಬೆನ್ನು ಮುರಿಯುತ್ತದೆ. ಅತ್ತೆ ಉಳಿಯ ಹಿಂತುದಿಯಿಂದ ಗೋಡೆಯನ್ನು ಟಕಟಕ ತಟ್ಟಿ, ತಲೆ ಸ್ವಲ್ಪ ಓರೆ ಮಾಡಿ ಕೇಳಿ, ಒಳಗೆ ಯಾವ ಇಟ್ಟಿಗೆ ಚೆನ್ನಾಗಿ ಸುಟ್ಟದ್ದು, ಯಾವುದು ಹಸಿ, ಎಲ್ಲಿ ಟೊಳ್ಳು ಎಂದು ಹೇಳುತ್ತಿದ್ದರು. ಇಟ್ಟಿಗೆ ಸುಟ್ಟವನು ಅಂದು ಯಾವ ಬಣ್ಣದ ಅಂಗಿ ತೊಟ್ಟಿದ್ದ ಎನ್ನುವುದನ್ನೂ ಹೇಳುತ್ತಿದ್ದರೆಂದು ಅಳಿಯನ ಸೇರ್ಪಡೆ. ಟೊಳ್ಳು ಸಿಕ್ಕಿದಲ್ಲಿ ಕೆಂಪು ಸೀಮೆಸುಣ್ಣದಿಂದ ಒಂದು ಸುತ್ತು ಹಾಕುತ್ತಿದ್ದರು. ಆ ಸೀಮೆಸುಣ್ಣದ ಚೂರು ಸದಾ ಅವರ ಜೇಬಿನಲ್ಲಿರುತ್ತಿದ್ದುದರಿಂದ, ಮಗಳು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಅಂಗಿ ಕೂಡ ಒಗೆತದಲ್ಲಿ ಗುಲಾಬಿ ಆಗಿಬಿಡುತ್ತಿತ್ತು.

ಚೀಲದಲ್ಲಿ ಏಳು ಉಳಿ. ಕೊಂಡಾಗ ಎಲ್ಲವೂ ಒಂದೇ ಉದ್ದ. ಮಸೆದು ಮಸೆದು ಈಗ ಒಂದು ಮಾತ್ರ ಗೇಣುದ್ದ ಉಳಿದು, ಕೊನೆಯದು ಹೆಬ್ಬೆರಳಿನಷ್ಟಾಗಿತ್ತು. ಮೂವತ್ತೊಂದು ವರ್ಷ ಉಳಿಯನ್ನು ಸವೆಸಿದ ಕೆಲಸ ಮಣಿಕಟ್ಟನ್ನು ಬಿಟ್ಟೀತೇ? ಆರು ತಿಂಗಳಿಂದ ಅತ್ತೆಯ ಬಲಗೈ ಬೆಳಗ್ಗೆ ಚಹಾದ ಲೋಟ ಹಿಡಿಯುತ್ತಿರಲಿಲ್ಲ. ಇನ್ನು ಸುತ್ತಿಗೆ ಬೀಸಿದರೆ ಬೆರಳು ಮಡಚುವುದನ್ನೇ ಮರೆಯುತ್ತವೆ ಎಂದು ಮೂಳೆಯ ಡಾಕ್ಟರು ಹೇಳಿದ್ದರು. ಅತ್ತೆ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೊರಟಿದ್ದರು.

"ನೀವು ಜೊತೆಗಿದ್ದೂ ಅಮ್ಮನೇ ಹೊಡೆಯೋದಾದ್ರೆ ನೀವ್ಯಾಕೆ ಹೋಗೋದು, ಶೋಕಿಗಾ?" ಎಂದು ಹೆಂಡತಿ ದಿನಾ ಚುಚ್ಚುತ್ತಿದ್ದಳು. ಅಳಿಯನಿಗೆ ಅದು ಮುಳ್ಳಿನಂತೆ ನೆಟ್ಟಿತ್ತು. ಮೂರು ವರ್ಷದಿಂದ ಜೊತೆಗಿದ್ದ. ಪೈಪು ಹೊತ್ತಿದ್ದ, ಸಿಮೆಂಟು ಕಲಸಿದ್ದ, ಆದರೆ ಚೀಲಕ್ಕೆ ಕೈ ಹಾಕಲು ಅತ್ತೆ ಬಿಟ್ಟಿರಲಿಲ್ಲ. ಮನೆಯಲ್ಲಿ ಅವರಿಗೆ ಅವನು "ಅಳಿಯಂದ್ರು, ನೀವು, ಬನ್ನಿ, ಕೂತ್ಕೊಳ್ಳಿ." ಕೆಲಸದ ಜಾಗದಲ್ಲಿ ಚೀಲ ಬಿಚ್ಚಿದ್ದೇ ತಡ, "ಏಯ್, ನೀನು, ಆ ಕಡೆ ಸರಿ."

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮನ ಕೆಲಸ ಬಂತು. ಅವರ ಕೋಣೆಗೆ ಸೋಮವಾರ ಹೊಸ ಕುರ್ಚಿ ಬರುವುದಿತ್ತು; ಬಾಯಿ ಮುಕ್ಕಳಿಸುವ ಬಟ್ಟಲಿಗೆ ನೀರು ಬೇಕು, ಗೋಡೆಯುದ್ದಕ್ಕೂ ಹನ್ನೆರಡು ಅಡಿ ಕಾಲುವೆ ಕೊರೆಯಬೇಕು. ಅಷ್ಟೇ ಆಗಿದ್ದರೆ ಅರ್ಧ ದಿನದ ಕೆಲಸ. ಆದರೆ ಆ ಗೋಡೆ ಅರ್ಧ ಇಟ್ಟಿಗೆಯ ಗೋಡೆ, ಬರೀ ನಾಲ್ಕೂವರೆ ಇಂಚು ದಪ್ಪ. ಅದರ ಆಚೆ ಬದಿಗೆ ಗಡಿಯಾರ ರಿಪೇರಿಯ ತಾತನ ಅಂಗಡಿ. ಗೋಡೆಯ ತುಂಬ ಹದಿನೆಂಟು ಗಡಿಯಾರ, ಹದಿನೆಂಟಕ್ಕೂ ಲೋಲಕ.

ತಾತ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದು ಎರಡೇ ಮಾತು. "ಧೂಳು ಈ ಕಡೆ ಬರಬಾರದು. ಒಂದು ಗಡಿಯಾರ ನಿಂತರೂ ನಿಮ್ಮ ಕೆಲಸ ಅಲ್ಲಿಗೇ ನಿಲ್ಲುತ್ತೆ."

ಅತ್ತೆ ಬಟ್ಟೆ ಸುತ್ತಿದ ಮಣಿಕಟ್ಟನ್ನು ಒಮ್ಮೆ, ಗೋಡೆಯನ್ನು ಒಮ್ಮೆ ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿ, "ಈ ಸಲ ಹತ್ಯಾರು ನೀನೇ ಆರಿಸು. ನಾನು ಬಾಯಿ ಬಿಡೋಲ್ಲ. ನೀನು ಆರಿಸಿದ್ದು ಈ ಗೋಡೆಗೆ ಸರಿಹೋದ್ರೆ ಸುತ್ತಿಗೆ ಕೆಳಗಿಡ್ತೀನಿ. ಇಲ್ಲಾಂದ್ರೆ ನನ್ನ ಕೈ ಉಂಟು, ನಾನುಂಟು, ಮಗಳೂ ಬೇಡ, ಡಾಕ್ಟರೂ ಬೇಡ," ಎಂದರು.

"ಅಮ್ಮ ಹಾಗಂದ್ರಾ?" ಹೆಂಡತಿಯ ಕೈ ಒಂದು ಜೇಬಿನೊಳಗೇ ನಿಂತಿತು. "ಕಾಗೆ ಹಾರಿಸ್ತಿಲ್ಲ ತಾನೆ?"

"ನಿನ್ನಾಣೆ. ಬೇಕಾದ್ರೆ ಕೇಳು, ಒಳಗೇ ಇದಾರಲ್ಲ."

ಒಳಕೋಣೆಯಲ್ಲಿ ಅತ್ತೆ ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಇಳಿಬಿಟ್ಟು ಕೂತಿದ್ದರು. ಬಾಗಿಲು ತೆರೆದೇ ಇತ್ತು. ನೀರು ಕದಲಿದ ಸದ್ದು ಬಂತು.

ಸರಿ, ಅಳಿಯ ಎದೆಯುಬ್ಬಿಸಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದ. ಎದೆ ಎಷ್ಟು ಉಬ್ಬಿತ್ತೆಂದರೆ ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾಯಿತು. ಅಂಗಡಿಯಣ್ಣ ಕಟ್ಟೆಯ ಮೇಲೆ ಮೂರು ಮೆಷಿನ್ನು ಸಾಲಾಗಿ ಇಟ್ಟ. ಅಳಿಯ ಯಾವುದನ್ನೂ ಮುಟ್ಟದೆ, "ಅಣ್ಣಾ, ಒಂದು ಚಹಾ ತರಿಸಿ. ಅಂಚಿನ ತನಕ ತುಂಬಿರ್ಬೇಕು," ಎಂದ.

"ಮೆಷಿನ್ ನೋಡೋಕೆ ಬಂದ್ಯೋ, ಚಹಾ ಕುಡಿಯೋಕೋ?"

"ಕುಡಿಯೋಕಲ್ಲ. ಮೆಷಿನ್‌ಗೆ ಪರೀಕ್ಷೆ."

ಅಂಗಡಿಯ ಹಿಂದುಗಡೆ ಮೆಷಿನ್ನು ಪರೀಕ್ಷಿಸಲೆಂದೇ ಬಿಟ್ಟ ಒಂದು ಗೋಡೆಯಿತ್ತು. ಅದರ ನೆತ್ತಿಯ ಮೇಲೆ ಚಹಾದ ಲೋಟ ಇಟ್ಟು, ಕೆಳಗೆ ಒಂದೊಂದೇ ಮೆಷಿನ್ನು ಹಚ್ಚಿದ. ಮೊದಲು ಗುದ್ದಿ ಒಡೆಯುವ ಬ್ರೇಕರ್. ಅದು ಮೊದಲ ಗುದ್ದು ಕೊಟ್ಟಾಗಲೇ ಚಹಾ ಲೋಟ ಬಿಟ್ಟು ಎದ್ದು ನಿಂತು, ಸುತ್ತ ನೋಡಿ, ಅಂಗಡಿಯಣ್ಣನ ಅಂಗಿಯ ಮೇಲೆ ಕೂತಿತು. ಎರಡನೆಯದು ಒಂದು ಬ್ಲೇಡಿನ ಕಟಿಂಗ್ ಮೆಷಿನ್. ಚಹಾ ಚೆಲ್ಲಲಿಲ್ಲ, ಆದರೆ ಎಷ್ಟು ಧೂಳೆದ್ದಿತೆಂದರೆ ಲೋಟ ಹುಡುಕಲು ದೀಪ ಹಚ್ಚಬೇಕಾಯಿತು. ಸಿಕ್ಕಿದಾಗ ಅದರಲ್ಲಿ ಚಹಾ ಇರಲಿಲ್ಲ, ಕಲಸಿದ ಸಿಮೆಂಟಿತ್ತು. ಮೂರನೆಯದು ಜೋಡಿ ಬ್ಲೇಡಿನದು. ಎರಡು ಬ್ಲೇಡಿನ ನಡುವೆ ಪೈಪಿನಷ್ಟು ಅಂತರ, ಮೇಲೆ ಮುಚ್ಚಳ, ಮುಚ್ಚಳದಿಂದ ಧೂಳು ಹೀರುವ ಡಬ್ಬಿಗೆ ಒಂದು ಕೊಳವೆ, ಪಕ್ಕದಲ್ಲಿ ಆಳ ನಿಗದಿ ಮಾಡುವ ತಿರುಪು. ಒಟ್ಟಿಗೆ ಎರಡು ಗೆರೆ ಸೀಳುತ್ತದೆ, ನಡುವಿನ ಪಟ್ಟಿಯನ್ನು ಆಮೇಲೆ ಉಳಿಯಿಂದ ಮೆಲ್ಲಗೆ ಎಬ್ಬಿಸಿದರಾಯಿತು. ಅದನ್ನು ಹಚ್ಚಿದಾಗ ಚಹಾದ ಮೇಲೆ ಒಂದು ಸುಕ್ಕು ಮೂಡಿತು, ಅಷ್ಟೇ.

"ಇದೇ," ಎಂದ ಅಳಿಯ.

"ನಿನಗೆ ಇದನ್ನ ಯಾರು ಹೇಳಿಕೊಟ್ರೋ?" ಎಂದು ಅಂಗಡಿಯಣ್ಣ ಅಂಗಿ ಒರೆಸಿಕೊಳ್ಳುತ್ತ ಕೇಳಿದ.

ಜೊತೆಗೆ ಬಂದಿದ್ದ ಅತ್ತೆ ಮೂಲೆಯಲ್ಲಿ ನಿಂತು, ಪೈಪು ತಿರುಗುವಲ್ಲಿ ಹಾಕುವ ಮೊಣಕೈ ತುಂಡುಗಳನ್ನು ಎಣಿಸುತ್ತಿದ್ದರು. ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ಆದರೆ ತುಟಿಯ ಒಂದು ಕೊನೆ ಸ್ವಲ್ಪ ಮೇಲೆದ್ದದ್ದನ್ನು ಅಳಿಯ ಕಣ್ಣಾರೆ ಕಂಡ. ಅವರ ಬಾಯಿಂದ ಹತ್ತು ಮಂದಿಯೆದುರು ಶಹಬಾಸ್ ಅನ್ನಿಸಿಕೊಳ್ಳುವುದಕ್ಕಿಂತ ಅದು ದೊಡ್ಡದು.

ಶನಿವಾರ ಬೆಳಗ್ಗೆ ಡಾಕ್ಟರಮ್ಮನ ಕೋಣೆಯಲ್ಲಿ ಅಳಿಯ ದಾರಕ್ಕೆ ನೀಲಿ ಪುಡಿ ಹಚ್ಚಿ, ಎರಡು ತುದಿಗೆ ಮೊಳೆ ಹೊಡೆದು, ನಡುವೆ ಎಳೆದು ಬಿಟ್ಟ. ಗೋಡೆಯ ಮೇಲೆ ಕೂದಲೆಳೆಯಂಥ ನೀಲಿ ಗೆರೆ ಬಿತ್ತು. ಮೆಷಿನ್ನಿನ ಆಳ ಒಂದೂವರೆ ಇಂಚಿಗೆ ತಿರುಗಿಸಿದ. ಅಷ್ಟರಲ್ಲಿ ಅತ್ತೆ ಗಿಡ್ಡ ಉಳಿ ಹಿಡಿದು ಗೆರೆಯುದ್ದಕ್ಕೂ ತಟ್ಟುತ್ತ ಬಂದರು. ಎಂಟನೆಯ ಅಡಿಯ ಹತ್ತಿರ ನಿಂತರು. ಮತ್ತೆ ತಟ್ಟಿದರು. ಜೇಬಿನಿಂದ ಕೆಂಪು ಸೀಮೆಸುಣ್ಣ ತೆಗೆದು, ಮೂರು ಸುತ್ತು ಹಾಕಿ, ಮಾತಿಲ್ಲದೆ, ಮುಖ್ಯ ನಲ್ಲಿ ಮುಚ್ಚಲು ಹಿತ್ತಲ ಕಡೆ ನಡೆದರು. ಆಚೆ ಬದಿಯಲ್ಲಿ ಅಲ್ಲೊಂದು ಗೋಡೆಗೂಡಿತ್ತು. ಅದರೊಳಗೆ ತಾತನ ಎಲ್ಲಕ್ಕಿಂತ ಹಳೆಯ ಗಡಿಯಾರ ಕೂತಿತ್ತು. ಗೂಡಿನ ಬೆನ್ನಿಗೆ ಗೋಡೆ ಎರಡು ಇಂಚೂ ಇರಲಿಲ್ಲ. ಅತ್ತೆ ಆ ಅಂಗಡಿಯೊಳಗೆ ಕಾಲಿಟ್ಟವರಲ್ಲ. ಈಚೆಯಿಂದ ಕಿವಿಯಲ್ಲೇ ಕಂಡಿದ್ದರು.

ಅಳಿಯ ಮೆಷಿನ್ನು ಹಚ್ಚಿದ. ಬೆಣ್ಣೆಯಲ್ಲಿ ದಾರ ಎಳೆದಂತೆ ಹೋಯಿತು. ಧೂಳು ಡಬ್ಬಿಯ ಬಾಯಿಗೆ ಸಾಲಾಗಿ ಹೋಗಿ ಬಿತ್ತು. ಗೆರೆಗಳು ಎಷ್ಟು ನುಣುಪಾಗಿದ್ದವೆಂದರೆ ಒಂದು ಇರುವೆ ಹತ್ತಲು ಹೋಗಿ ಜಾರಿ ಬಿತ್ತು. ಆಚೆಯಿಂದ ತಾತ ಬಂದು ಇಣುಕಿ, "ಶುರು ಮಾಡಿದ್ರಾ, ಇನ್ನೂ ಇಲ್ವಾ?" ಎಂದು ಕೇಳಿದರಂತೆ. ಎಂಟನೆಯ ಅಡಿಗೆ ಬಂದಾಗ ಅಳಿಯ ಕೆಂಪು ಗುರುತು ಕಂಡ. ಗುರುತಿಗೆ ಒಂದು ಅಂಗುಲ ಇರುವಂತೆಯೇ ಮೆಷಿನ್ನು ಹಿಂದಕ್ಕೆಳೆದು ನಿಲ್ಲಿಸಿದ. ಚೀಲಕ್ಕೆ ಕೈ ಹಾಕಿ, ಹೆಬ್ಬೆರಳಿನಷ್ಟು ಉದ್ದದ ಆ ಗಿಡ್ಡ ಉಳಿಯನ್ನೂ ಪುಟ್ಟ ಸುತ್ತಿಗೆಯನ್ನೂ ಎತ್ತಿಕೊಂಡ. ಯಾಕೆಂದರೆ ಬುದ್ಧಿವಂತ ಕೆಲಸಗಾರನಿಗೆ ಹತ್ಯಾರು ಆರಿಸುವುದು ಅಂಗಡಿಯಲ್ಲಿ ಮುಗಿಯುವುದಿಲ್ಲ, ಗೋಡೆಯ ಮುಂದೆ ಅಡಿ ಅಡಿಗೂ ಮತ್ತೆ ಆರಿಸಬೇಕಾಗುತ್ತದೆ.

"ಇದು ಅಮ್ಮನ ಮಾತು," ಎಂದಳು ಹೆಂಡತಿ.

"ಅವರು ಹೇಳೋ ಮೊದಲು ನಾನೂ ಅಂದ್ಕೊಂಡಿದ್ದೆ."

ಆಮೇಲೆ ನಡೆದದ್ದು ಯಾರೂ ಕಂಡು ಕೇಳಿರದ ಕೆಲಸ. ಗೂಡಿನ ಗಡಿಯಾರದ ಸದ್ದು ತೆಳುಗೋಡೆಯಿಂದ ತೂರಿ ಬರುತ್ತಿತ್ತು, ಢಕ್, ಢಕ್. ಅಳಿಯ ಎರಡು ಢಕ್ಕಿನ ನಡುವೆ ಒಂದು ಪೆಟ್ಟು ಹಾಕಿದ. ಗಡಿಯಾರ ಢಕ್ಕೆಂದಿತು. ಮತ್ತೆ ಒಂದು ಪೆಟ್ಟು. ಪೆಟ್ಟಿಗೊಂದು ಅಕ್ಕಿಕಾಳಿನಷ್ಟು ಇಟ್ಟಿಗೆ ಉದುರಿತು. ಎರಡು ಅಡಿ ಗೋಡೆಗೆ ಮೂರು ಗಂಟೆ, ಗಂಟೆಗೆ ಮೂರು ಸಾವಿರದ ಆರುನೂರು ಪೆಟ್ಟು, ಒಂದೂ ತಪ್ಪಲಿಲ್ಲ. ಅತ್ತೆ ಅಷ್ಟು ಹೊತ್ತೂ ಹಲ್ಲಿನ ಡಾಕ್ಟರಮ್ಮನ ಹಳೆಯ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿ ಚಹಾ ಕುಡಿಯುತ್ತಿದ್ದರು. ಹದಿನೆಂಟು ಗಡಿಯಾರದಲ್ಲಿ ಒಂದೂ ನಿಲ್ಲಲಿಲ್ಲ. ಅದಿರಲಿ, ಎರಡು ವರ್ಷದಿಂದ ಕೆಟ್ಟು ಕೂತಿದ್ದ ಹತ್ತೊಂಬತ್ತನೆಯದೊಂದು ಆ ತಾಳಕ್ಕೆ ಎಚ್ಚೆತ್ತು ನಡೆಯತೊಡಗಿತು. ತಾತ ಕಣ್ಣಲ್ಲಿ ನೀರು ತಂದುಕೊಂಡು ಅಳಿಯನ ಕೈ ಹಿಡಿದು—

"ರೀ," ಎಂದಳು ಹೆಂಡತಿ.

ಅವಳ ಕೈಯಲ್ಲಿ, ಅವನು ಆಗತಾನೇ ಕಳಚಿ ಹಾಕಿದ್ದ ಕೆಲಸದ ಅಂಗಿಯ ಜೇಬಿನಿಂದ ತೆಗೆದ ಒದ್ದೆ ಬಟ್ಟೆಯೊಂದಿತ್ತು. ಮುದ್ದೆ ಬಿಡಿಸಿ ನೆಲದ ಮೇಲೆ ಹಾಸಿದಳು. ಬಟ್ಟೆಯ ನಡುವೆ ಅಂಗೈಯಗಲ ಕೆಂಪು.

"ಗುರುತು ನೋಡಿ ಮೆಷಿನ್ ನಿಲ್ಲಿಸಿದೆ ಅಂದ್ರಿ."

"ಹೂಂ."

"ನಿಮ್ಮ ದಾರದ ಪುಡಿ ನೀಲಿ. ಕೆಂಪು ಅಮ್ಮನದು. ಈ ಕೆಂಪಿನ ಜೊತೆಗೇ ನಾನು ಬೆಳೆದಿದೀನಿ, ನನಗೆ ಗೊತ್ತಾಗಲ್ವಾ? ಗುರುತು ಗೋಡೆ ಮೇಲಿದ್ದಿದ್ರೆ ನಿಮ್ಮ ಬಟ್ಟೆಗೆ ಹೇಗೆ ಬಂತು?"

ಅಳಿಯ ಬಿಚ್ಚಿದ್ದ ಬೂಟಿನ ದಾರವನ್ನು ಮತ್ತೆ ಕಟ್ಟತೊಡಗಿದ. ತೊಡೆಯ ಮೇಲಿನ ಧೂಳು ಕೊಡವಿದ. ಅಂಥ ಬಾಯಿಗೆ ಒಂದು ಪುಟ್ಟ ಸುಳ್ಳೂ ಒದಗಿಬರಲಿಲ್ಲ.

"ಒರೆಸಿಬಿಟ್ಟೆ ಕಣೇ," ಎಂದ.

"ಯಾಕೆ?"

"ಬಾಯಿ ಬಿಡೋಲ್ಲ ಅಂದಿದ್ರು. ಗೋಡೆ ಮೇಲೆ ಬರೆದ್ರೆ ಅದೂ ಬಾಯಿ ಬಿಟ್ಟ ಹಾಗೇ ಅಲ್ವಾ, ನನ್ನ ಮೇಲೆ ನಂಬಿಕೆ ಇಲ್ವಲ್ಲ ಅನ್ನಿಸ್ತು. ಅಷ್ಟು ಚೆನ್ನಾಗಿ ಗೆರೆ ಬಿದ್ದಿತ್ತು, ಮೇಲೆ ಆ ಕೆಂಪು ಸುತ್ತು. ಅವರು ಹಿತ್ತಲಿಗೆ ಹೋದ ಕೂಡಲೇ ಬಟ್ಟೆ ಒದ್ದೆ ಮಾಡಿ ಒರೆಸಿದೆ."

"ಆಮೇಲೆ?"

ಆಮೇಲಿನದನ್ನು ಅವನು ಉಪ್ಪುಖಾರ ಹಚ್ಚದೆ, ನೆಲ ನೋಡುತ್ತ ಹೇಳಿದ. ಎಂಟನೆಯ ಅಡಿಯಲ್ಲಿ ಬ್ಲೇಡಿನ ಸದ್ದು ಬದಲಾಯಿತು. ಬದಲಾದದ್ದು ಅವನಿಗೆ ಕೇಳಿಸಿತು; ಇನ್ನೊಂದು ಗೇಣು ಹೋಗಿ ನೋಡೋಣವೆಂದು ತಳ್ಳಿದ. ಆಚೆ ಬದಿಯಲ್ಲಿ ಗೂಡಿನ ಬೆನ್ನು ಬಿರುಕು ಬಿಟ್ಟು, ಒಂದು ಹೋಳು ಗಾರೆ ಕಳಚಿ ಹಳೆಯ ಗಡಿಯಾರದ ಮೇಲೆ ಬಿತ್ತು. ಗಡಿಯಾರ ನಿಂತಿತು. ತಾತ ಎದ್ದು ಬರುವಷ್ಟರಲ್ಲಿ ಅತ್ತೆ ಹಿತ್ತಲಿಂದ ಓಡಿ ಬಂದಿದ್ದರು. ಖಾಲಿ ಗೋಡೆಯನ್ನು ನೋಡಿದರು, ಅವನ ಮುಖ ನೋಡಿದರು. ಅವನ ಕೈಯಿಂದ ಮೆಷಿನ್ನು ತೆಗೆದುಕೊಂಡು ತಮ್ಮ ಕಾಲ ಬಳಿ ಇಟ್ಟುಕೊಂಡರು. ತಾತ ಬಾಗಿಲಿಗೆ ಬಂದಾಗ, ಬಟ್ಟೆ ಸುತ್ತಿದ ಕೈಯನ್ನು ಎತ್ತಿ ತೋರಿಸಿ, "ನನ್ನ ಕೈ ಜಾರಿತು ತಾತ. ತಪ್ಪಾಯ್ತು," ಎಂದರು.

"ಅಮ್ಮ ಹಾಗಂದ್ರಾ," ಎಂದಳು ಹೆಂಡತಿ. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ.

"ಮೂವತ್ತೊಂದು ವರ್ಷದಲ್ಲಿ ಒಂದು ಸಲಾನೂ ಜಾರದ ಕೈ. ತಾತ ನಂಬಿದ್ರು. ಪಾಪ, ಕುರ್ಚಿ ತಂದು ಕೂರಿಸಿ, ನೀರು ಕೊಟ್ರು. ನಾನು ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದೆ."

ತಾತ ಗಾರೆ ಗುಡಿಸಿ, ಲೋಲಕವನ್ನು ಬೆರಳಿನಿಂದ ಮುಟ್ಟಿ, ಗಡಿಯಾರವನ್ನು ಮತ್ತೆ ನಡೆಸಿದರು. ಕೆಲಸ ಮುಗಿಸಿ ಎಂದು ಬಿಟ್ಟದ್ದು ಅತ್ತೆಯ ಮುಖ ನೋಡಿ. ಗೂಡಿನ ಬೆನ್ನಿನ ಎರಡು ಅಡಿಗೆ ಗಿಡ್ಡ ಉಳಿ ಆರಿಸಿದ್ದು ಅತ್ತೆ. ಎಡ ಅಂಗೈಯನ್ನು ಗೋಡೆಗೆ ಒತ್ತಿ ನಿಂತು, "ಎರಡು ಢಕ್ಕಿನ ನಡುವೆ ಒಂದೇ ಪೆಟ್ಟು. ಮುಂದಿನ ಢಕ್ ಕೇಳದಿದ್ರೆ ಕೈ ಎತ್ತು," ಎಂದವರೂ ಅವರೇ. ಅವನು ಹೊಡೆಯುತ್ತಿದ್ದ, ಅವರು ಅಂಗೈಯಲ್ಲಿ ಗಡಿಯಾರವನ್ನೂ ಗೋಡೆಯನ್ನೂ ಒಟ್ಟಿಗೆ ಕೇಳುತ್ತಿದ್ದರು. "ಮೆಲ್ಲಗೆ." "ಸ್ವಲ್ಪ ಕೆಳಗೆ." "ಇದು ಹಸಿ ಇಟ್ಟಿಗೆ, ಉಳಿ ಮಲಗಿಸಿ ಹಿಡಿ." ಮೂರು ಗಂಟೆ ಹೊತ್ತು ಅವರು ಕೂರಲಿಲ್ಲ. ಚಹಾ ಕುಡಿದದ್ದು ಸುಳ್ಳು. ಢಕ್ಕಿನ ನಡುವೆ ಹೊಡೆದದ್ದು ನಿಜ; ಇಡೀ ಕಥೆಯಲ್ಲಿ ಯಾರೂ ನಂಬದಂಥದ್ದು ಅದೊಂದೇ, ಅದೊಂದೇ ನಿಜ.

"ಹತ್ತೊಂಬತ್ತನೇ ಗಡಿಯಾರ?"

"ಇಲ್ಲ."

"ಇರುವೆ?"

"ಇರುವೆ ಇತ್ತು. ಜಾರಲಿಲ್ಲ."

ಒಳಗಿಂದ ಅತ್ತೆ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ನೆಲದ ಮೇಲೆ ಹಾಸಿದ್ದ ಕೆಂಪು ಬಟ್ಟೆಯನ್ನು ನೋಡಿದರು. ಮಗಳಿಗೆ ಪಕ್ಕಕ್ಕೆ ಸರಿಯೆಂದು ಸನ್ನೆ ಮಾಡಿ, ಅಳಿಯನ ಎದುರು ಮಣೆ ಎಳೆದುಕೊಂಡು ಕೂತರು. ಮನೆಯಲ್ಲಿದ್ದರೂ ಅವರ ಬಾಯಿಂದ ಬಂದದ್ದು ಕೆಲಸದ ಜಾಗದ ಮಾತು.

"ಮೆಷಿನ್ ಸರಿಯಾಗೇ ಆರಿಸಿದ್ದೆ. ಚಹಾದ ಲೋಟ ಇಟ್ಟು ನೋಡೋದು ನನಗೂ ಹೊಳೆದಿರಲಿಲ್ಲ. ತಪ್ಪಿದ್ದು ಒರೆಸಿದ್ರಲ್ಲಿ. ಹೌದೋ ಅಲ್ವೋ?"

"ಹೌದು ಅತ್ತೆ."

"ನಾಳೆ ತಾತನ ಹತ್ರ ಹೋಗಿ ಜಾರಿದ ಕೈ ಯಾರದು ಅಂತ ಹೇಳ್ತೀಯಾ?"

"ಹೇಳ್ತೀನಿ."

"ಇದ್ದದ್ದು ಇದ್ದ ಹಾಗೆ. ಬ್ಲೇಡು ಸಿಂಹದ ಹಾಗೆ ಗರ್ಜಿಸ್ತು ಅಂತೆಲ್ಲ ಬೇಡ."

"ಇಲ್ಲ ಅತ್ತೆ."

ಅತ್ತೆ ಎಡಗೈಯಿಂದ ಮೂಲೆಯಲ್ಲಿದ್ದ ಚೀಲವನ್ನು ಅವನ ಕಡೆಗೆ ತಳ್ಳಿದರು. ಏಳು ಉಳಿಯೂ ಒಳಗೆ ಕಿಣಿಕಿಣಿ ಎಂದವು. "ನಾಳೆಯಿಂದ ಇದು ನೀನೇ ಹೊರು. ಸುತ್ತಿಗೇನೂ ನಿಂದೇ," ಎಂದರು. ಆಮೇಲೆ ಚೀಲದ ಬಾಯಿಗೆ ಕೈ ಹಾಕಿ, ಅಲ್ಲಿ ಉಳಿದಿದ್ದ ಅರ್ಧ ಸವೆದ ಇನ್ನೊಂದು ಕೆಂಪು ಚೂರನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. "ಸೀಮೆಸುಣ್ಣ ಮಾತ್ರ ನನ್ನ ಹತ್ರ ಇರ್ಲಿ."

ಮಗಳು ಚಹಾ ತಂದಿಟ್ಟಳು. ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮೆಲ್ಲಗೆ ಎತ್ತಿದರು. ಮೂವರೂ ಆ ಲೋಟವನ್ನೇ ನೋಡುತ್ತ ಕೂತರು. ಚಹಾದ ಮೇಲೆ ಒಂದು ಸುಕ್ಕು ಮೂಡಿತು, ಅಷ್ಟೇ.

ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಬಟ್ಟೆಯ ರಾಶಿಗೆ ಮರಳುತ್ತ ಕೇಳಿದಳು:

"ಅದೆಲ್ಲ ಸರಿ. ನೀರು ಪೈಪಿಲ್ದೆ ತಾನಾಗೇ ಮಹಡಿ ಹತ್ತಿದ್ದು ನಿಜಾನಾ?"

ಅಳಿಯ ಅತ್ತೆಯ ಮುಖ ನೋಡಿದ. ಅತ್ತೆ ಲೋಟದೊಳಗೆ ನೋಡುತ್ತಿದ್ದರು. ತುಟಿಯ ಒಂದು ಕೊನೆ ಮೇಲೆದ್ದಿತ್ತು.

"ಆ ಕಟ್ಟಡಕ್ಕೆ ಮಹಡಿಯೇ ಇಲ್ಲ ಕಣೇ," ಎಂದ.